ವಿಮಾನದ ತಂತಿ ನಕ್ಷೆ: ತೊಡಕಿರುವುದು ಗಡಿಯಲ್ಲಿ

2022ರ ಅಕ್ಟೋಬರ್‌ನಲ್ಲಿ ದುಬೈನಿಂದ ಬಂದ ಎಮಿರೇಟ್ಸ್‌ನ ಎ380 ಎಂಬ ಏರ್‌ಬಸ್ ವಿಮಾನ ದೇವನಹಳ್ಳಿಯ ನಿಲ್ದಾಣದಲ್ಲಿ ಇಳಿದಾಗ ಎಲ್ಲರ ಕಣ್ಣೂ ಅದರ ಗಾತ್ರದ ಮೇಲಿತ್ತು. ಎರಡು ಅಂತಸ್ತು, ನಾಲ್ಕು ಎಂಜಿನ್, ಉದ್ದಕ್ಕೆ ಚಾಚಿದ ರೆಕ್ಕೆ. ಅದರ ಹೊಟ್ಟೆಯೊಳಗಿನ ತಂತಿ ಮಾತ್ರ ಯಾರಿಗೂ ಕಾಣಲಿಲ್ಲ. ಅಂಥ ಒಂದು ವಿಮಾನದಲ್ಲಿ ಸುಮಾರು 530 ಕಿಲೋಮೀಟರ್ ತಂತಿ ಇರುತ್ತದೆ. ಬೆಂಗಳೂರಿನಿಂದ ಎಳೆಯುತ್ತ ಹೋದರೆ ಬೆಳಗಾವಿ ಮುಟ್ಟಿ ಇನ್ನೂ ಉಳಿಯುತ್ತದೆ. ಲೆಕ್ಕಕ್ಕೆ ಒಂದು ಲಕ್ಷದಷ್ಟು ತಂತಿಗಳು, ನಲವತ್ತು ಸಾವಿರಕ್ಕೂ ಹೆಚ್ಚು ಕನೆಕ್ಟರುಗಳು. 2006ರಲ್ಲೇ ಗ್ರಾಹಕರ ಕೈ ಸೇರಬೇಕಿದ್ದ ಈ ವಿಮಾನ 2007ರ ಅಕ್ಟೋಬರ್ 15ರವರೆಗೆ ಕಾಯಿಸಿತು. ಅದಕ್ಕೆ ಮುಖ್ಯ ಕಾರಣ ರೆಕ್ಕೆಯಲ್ಲ, ಎಂಜಿನ್ನೂ ಅಲ್ಲ, ಈ ತಂತಿಗಳ ನಕ್ಷೆ.

ಏವಿಯಾನಿಕ್ಸ್, ಅಂದರೆ ವಿಮಾನದ ಎಲೆಕ್ಟ್ರಾನಿಕ್ಸ್, ನಡೆದು ಬಂದ ದಾರಿಯನ್ನು ಓದುತ್ತ ಹೋದಷ್ಟೂ ನನಗೆ ಒಂದು ಮಾತು ಗಟ್ಟಿಯಾಗುತ್ತಿದೆ. ಒಂದು ನಕ್ಷೆಯೊಳಗಿನ ತಪ್ಪನ್ನು ಯಾರಾದರೂ ಹಿಡಿಯುತ್ತಾರೆ, ಏಕೆಂದರೆ ಅದಕ್ಕೊಬ್ಬ ಒಡೆಯನಿದ್ದಾನೆ. ಒಂದು ನಕ್ಷೆ ಮುಗಿದು ಇನ್ನೊಂದು ಶುರುವಾಗುವ ಗಡಿಗೆ ಒಡೆಯನಿಲ್ಲ. ದುಬಾರಿ ತಪ್ಪುಗಳೂ ಪ್ರಾಣ ತೆಗೆದ ತಪ್ಪುಗಳೂ ಕುಳಿತಿದ್ದದ್ದು ಬಹುಮಟ್ಟಿಗೆ ಅಲ್ಲೇ.

ನಕ್ಷೆ ಎಂದು ಒಂದೇ ಮಾತಿನಲ್ಲಿ ಹೇಳಿದರೂ ಅದು ಹಲವು ಬಗೆ. ಯಾವ ಎಲೆಕ್ಟ್ರಾನಿಕ್ ಪೆಟ್ಟಿಗೆ ಯಾವುದಕ್ಕೆ ಏನು ಕಳಿಸುತ್ತದೆ, ವಿದ್ಯುತ್ತು ಎಲ್ಲಿಂದ ಬರುತ್ತದೆ ಎಂಬುದನ್ನು ತೋರಿಸುವುದು ಸ್ಕೀಮ್ಯಾಟಿಕ್. ಇಲ್ಲಿನ ಇಷ್ಟನೇ ಪಿನ್ನಿನಿಂದ ಅಲ್ಲಿನ ಇಷ್ಟನೇ ಪಿನ್ನಿಗೆ, ಇಷ್ಟು ದಪ್ಪದ, ಇಂಥ ಸಂಖ್ಯೆಯ ತಂತಿ ಎಂದು ಹೇಳುವುದು ವೈರಿಂಗ್ ಡಯಾಗ್ರಾಂ. ತಂತಿಗಳನ್ನು ಸೇರಿಸಿ ಕಟ್ಟಿದ ಕಂತೆಗೆ ಹಾರ್ನೆಸ್ ಎನ್ನುತ್ತಾರೆ, ನಮ್ಮಲ್ಲಿ ಲೂಮ್ ಎಂದೂ ಕರೆಯುತ್ತಾರೆ. ಅದಕ್ಕೆ ಬೇರೆಯದೇ ನಕ್ಷೆ ಉಂಟು. ಆ ನಕ್ಷೆಯನ್ನು ಇದ್ದ ಅಳತೆಗೇ ಮುದ್ರಿಸಿ ಹಲಗೆಯ ಮೇಲೆ ಹಾಸಿ, ಮೊಳೆಗಳನ್ನು ಹೊಡೆದು, ಅವುಗಳ ನಡುವೆ ತಂತಿ ಎಳೆಯುತ್ತಾರೆ. ಮಗ್ಗದ ಮುಂದೆ ಕೂತವರಿಗೆ ಬೇಕಾದ ತಾಳ್ಮೆಯೇ ಈ ಕೆಲಸಕ್ಕೂ ಬೇಕು.

ಗೆರೆಗಳ ಜೊತೆಗೆ ಬರಹವೂ ಇದೆ. ಒಂದು ಪೆಟ್ಟಿಗೆ ಎಷ್ಟು ಬಿಸಿ, ಎಷ್ಟು ನಡುಕ, ಎಂಥ ಸಿಡಿಲು ತಾಳಬೇಕು ಎಂಬ ಪರೀಕ್ಷೆಗಳನ್ನು 1975ರಿಂದ ಡಿಒ-160 ಎಂಬ ದಸ್ತಾವೇಜು ಹೇಳುತ್ತದೆ. ಎರಡು ಪೆಟ್ಟಿಗೆಗಳ ನಡುವಿನ ಕರಾರುಪತ್ರಕ್ಕೆ ಇಂಟರ್‌ಫೇಸ್ ಕಂಟ್ರೋಲ್ ಡಾಕ್ಯುಮೆಂಟ್ ಎಂದು ಹೆಸರು, ಬಳಕೆಯಲ್ಲಿ ಐಸಿಡಿ. ನೀನು ಕಳಿಸುವ ಎತ್ತರ ಅಡಿಯಲ್ಲಿದೆಯೋ ಮೀಟರಿನಲ್ಲೋ, ಸೆಕೆಂಡಿಗೆ ಎಷ್ಟು ಸಲ ಕಳಿಸುತ್ತೀ, ನಿನ್ನ ಸಂವೇದಕ ಕೆಟ್ಟರೆ ನನಗೆ ಹೇಗೆ ತಿಳಿಸುತ್ತೀ ಎಂಬುದೆಲ್ಲ ಅದರ ಸಾಲುಗಳಲ್ಲಿರುತ್ತದೆ. ಓದಲು ಇದಕ್ಕಿಂತ ನೀರಸವಾದ ಪುಟಗಳಿಲ್ಲ. ನನ್ನ ಮಟ್ಟಿಗೆ ಇಡೀ ಕಟ್ಟಿನಲ್ಲಿ ಅತಿ ಬೆಲೆಯುಳ್ಳ ಪುಟಗಳೂ ಇವೇ.

ಶುರುವಿನಲ್ಲಿ ಇಷ್ಟೆಲ್ಲ ಬೇಕಿರಲಿಲ್ಲ. ದಿಕ್ಸೂಚಿ, ದೀಪ, ಒಂದು ರೇಡಿಯೊ ಇದ್ದ ವಿಮಾನಕ್ಕೆ ಒಂದು ಹಾಳೆ ಸಾಕಾಗುತ್ತಿತ್ತು. ಅಮೆರಿಕದ ವಿಮಾನ ಸಂಸ್ಥೆಗಳು 1929ರಲ್ಲಿ ರೇಡಿಯೊ ಸಂಪರ್ಕಕ್ಕಾಗಿ ಏರಿಂಕ್ ಎಂಬ ಸಂಸ್ಥೆಯನ್ನು ಒಟ್ಟಾಗಿ ಕಟ್ಟಿಕೊಂಡವು. ಮುಂದೆ ಪೆಟ್ಟಿಗೆಯ ಅಳತೆ, ಕನೆಕ್ಟರಿನ ಜಾಗ, ಪಿನ್ನುಗಳ ಕ್ರಮವನ್ನು ನಿಗದಿ ಮಾಡುವ ಮಾನಕಗಳು ಅಲ್ಲಿಂದಲೇ ಬಂದವು. ಒಬ್ಬರ ರೇಡಿಯೊ ತೆಗೆದು ಇನ್ನೊಬ್ಬರದನ್ನು ಅದೇ ಗೂಡಿನಲ್ಲಿ ಕೂರಿಸಲು ಸಾಧ್ಯವಾದದ್ದು ಹೀಗೆ. 1956ರಲ್ಲಿ ಬಂದ ಎಟಿಎ 100 ಎಂಬ ನಿರ್ದೇಶನ ಕೈಪಿಡಿಗಳ ಅಧ್ಯಾಯಗಳಿಗೆ ಸಂಖ್ಯೆ ಕೊಟ್ಟಿತು: ವಿದ್ಯುತ್ತಿಗೆ 24, ಸಂಪರ್ಕಕ್ಕೆ 23, ಪಥದರ್ಶನಕ್ಕೆ 34. ಇಂದಿಗೂ ವಿಮಾನ ರಿಪೇರಿ ಮಾಡುವವರ ಬಾಯಲ್ಲಿ ಈ ಸಂಖ್ಯೆಗಳಿವೆ.

ದೊಡ್ಡ ಬದಲಾವಣೆ ಎಪ್ಪತ್ತರ ದಶಕದ್ದು. ಅದುವರೆಗೆ ಒಂದು ಸಂಕೇತಕ್ಕೆ ಒಂದು ತಂತಿ. ನಕ್ಷೆಯ ಗೆರೆಯನ್ನು ಬೆರಳಲ್ಲಿ ಹಿಡಿದು ಹೋದರೆ ಏನು ಎಲ್ಲಿಗೆ ಹೋಗುತ್ತದೆ ಎಂದು ತಿಳಿಯುತ್ತಿತ್ತು. ಅಮೆರಿಕದ ಸೇನೆ 1973ರಲ್ಲಿ ಮಿಲ್-ಸ್ಟ್ಯಾಂಡರ್ಡ್-1553 ಎಂಬ ಡೇಟಾ ಬಸ್ ಮಾನಕ ತಂದಿತು. ಒಂದು ಜೋಡಿ ತಂತಿಯ ಮೇಲೆ, ಒಂದು ನಿಯಂತ್ರಕದ ಅಪ್ಪಣೆಯಂತೆ, 31 ಉಪಕರಣಗಳವರೆಗೆ ಸರದಿಯಲ್ಲಿ ಮಾತಾಡಬಹುದು. ನಾಗರಿಕ ವಿಮಾನಗಳಿಗೆ ಏರಿಂಕ್ 429 ಎಂಬ ಡೇಟಾ ಬಸ್ ಮಾನಕ ಬಂತು. ತಂತಿಯ ತೂಕ ಇಳಿಯಿತು, ಅದೇ ಹೊತ್ತಿಗೆ ಗೆರೆ ಮೂಕವಾಯಿತು. ಎರಡು ಪೆಟ್ಟಿಗೆಗಳು ಸೇರಿವೆ ಎಂದಷ್ಟೇ ನಕ್ಷೆ ಹೇಳುತ್ತದೆ, ಏನು ಮಾತಾಡಿಕೊಳ್ಳುತ್ತವೆ ಎಂಬುದು ಐಸಿಡಿಯ ಕೋಷ್ಟಕಕ್ಕೆ ಹೋಯಿತು. ನಕ್ಷೆ ಬರೆಯುವವರೂ ಪ್ರೋಗ್ರಾಂ ಬರೆಯುವವರೂ ಒಂದೇ ಮೇಜಿಗೆ ಬರಬೇಕಾದ ಕಾಲ ಅದು.

ಆ ಮೇಜು ಬೆಂಗಳೂರಿಗೆ ಬಂದದ್ದು ಜಾಗ್ವಾರ್ ಯುದ್ಧವಿಮಾನದ ನೆಪದಲ್ಲಿ. ಬ್ರಿಟನ್ನಿನಿಂದ ಬಂದ ಜಾಗ್ವಾರ್‌ಗಳ ಮೂಲ ಪಥದರ್ಶನ ವ್ಯವಸ್ಥೆ ವಾಯುಪಡೆಗೆ ತೃಪ್ತಿ ಕೊಡಲಿಲ್ಲ. ಅದರ ಬದಲಿಗೆ ಎಂಬತ್ತರ ದಶಕದಲ್ಲಿ ರೂಪುಗೊಂಡದ್ದು ಡ್ಯಾರಿನ್ ಎಂಬ ಪಥದರ್ಶನ, ದಾಳಿ ವ್ಯವಸ್ಥೆ. ಫ್ರಾನ್ಸಿನ ಸಜೆಮ್ ಕಂಪನಿಯ ಜಡತ್ವ ಪಥದರ್ಶಕ, ಬ್ರಿಟನ್ನಿನ ಫೆರಾಂಟಿಯ ಭೂಪಟ ತೋರಿಸುವ ಪರದೆ, ಇವನ್ನೆಲ್ಲ 1553 ಬಸ್ಸಿನ ಮೇಲೆ ಕೂಡಿಸುವ ಕೆಲಸ ಬೆಂಗಳೂರಿನದು. ಒಬ್ಬೊಬ್ಬ ತಯಾರಕ ತನ್ನ ಪೆಟ್ಟಿಗೆಯ ನಕ್ಷೆ ಕೊಡಬಲ್ಲ. ಇನ್ನೊಬ್ಬನ ಪೆಟ್ಟಿಗೆಗೆ ಜವಾಬ್ದಾರನಲ್ಲ. ನಡುವಿನ ಕರಾರು ಬರೆಯುವ ಹೊಣೆ ಪೂರ್ತಿಯಾಗಿ ನಮ್ಮವರ ಮೇಲೆ ಬಿತ್ತು. ವಿಮಾನವನ್ನಾಗಲೀ ಪೆಟ್ಟಿಗೆಯನ್ನಾಗಲೀ ತಾವು ವಿನ್ಯಾಸ ಮಾಡದೆ, ನಡುವಿನ ಗಡಿಯನ್ನು ಮಾತ್ರ ವಿನ್ಯಾಸ ಮಾಡಿದ ಈ ಅನುಭವಕ್ಕೆ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ.

ನಮ್ಮದೇ ಯುದ್ಧವಿಮಾನ ತೇಜಸ್ ವಿಷಯದಲ್ಲಿ ಗಡಿ ಇನ್ನೂ ಸೂಕ್ಷ್ಮವಾಗಿತ್ತು. ಆ ವಿಮಾನವನ್ನು ಬೇಕೆಂದೇ ಸ್ವಭಾವತಃ ಅಸ್ಥಿರವಾಗಿ ರೂಪಿಸಿದ್ದಾರೆ. ನಾಲ್ಕು ಸಮಾನಾಂತರ ವಾಹಿನಿಗಳ ಡಿಜಿಟಲ್ ನಿಯಂತ್ರಣ ಕ್ಷಣಕ್ಷಣಕ್ಕೂ ಹಿಡಿದು ನಿಲ್ಲಿಸದಿದ್ದರೆ ಅದು ಹಾರುವಂತಿಲ್ಲ. ನಿಯಂತ್ರಣ ಸೂತ್ರಗಳನ್ನು ರಚಿಸಿದ್ದು ವಾಯುಯಾನ ಪ್ರಯೋಗಾಲಯ ಎನ್‌ಎಎಲ್‌ನಲ್ಲಿ ನೆಲೆಗೊಂಡ ತಂಡ, ಅದನ್ನು ನಡೆಸುವ ಗಣಕ ರೂಪುಗೊಂಡದ್ದು ರಕ್ಷಣಾ ಪ್ರಯೋಗಾಲಯ ಎಡಿಇಯಲ್ಲಿ, ಒಟ್ಟು ಹೊಣೆ ವಿಮಾನ ವಿನ್ಯಾಸ ಸಂಸ್ಥೆ ಎಡಿಎಯದು, ವಿಮಾನ ಕಟ್ಟಿದ್ದು ಎಚ್‌ಎಎಲ್. ಒಂದೇ ಊರಿನ ನಾಲ್ಕು ಕಚೇರಿಗಳ ನಡುವೆ ಓಡಾಡಿದ್ದು ಅಗತ್ಯಪತ್ರ, ಪರೀಕ್ಷಾಪತ್ರ, ಬದಲಾವಣೆ ಪತ್ರ. ಅಮೆರಿಕದ ಲಾಕ್‌ಹೀಡ್ ಮಾರ್ಟಿನ್ ಜೊತೆ ಅಲ್ಲೇ ಕೂತು ಕೆಲಸ ಮಾಡುತ್ತಿದ್ದ ತಂಡ 1998ರ ಪೋಖ್ರಾನ್ ಪರೀಕ್ಷೆಯ ನಂತರದ ನಿರ್ಬಂಧದಿಂದ ವಾಪಸಾಗಬೇಕಾಯಿತು. ಸೂತ್ರಗಳ ಹಿಂದಿನ ತರ್ಕ ತಮ್ಮದೇ ಆಗಿದ್ದರಿಂದ ಉಳಿದ ಕೆಲಸವನ್ನು ಇಲ್ಲೇ ಮುಗಿಸಿದರು. 2001ರ ಜನವರಿ 4ರಂದು ಎಚ್‌ಎಎಲ್ ರನ್‌ವೇಯಿಂದ ವಿಂಗ್ ಕಮಾಂಡರ್ ರಾಜೀವ್ ಕೊಠಿಯಾಲ್ ಅದನ್ನು ಮೇಲೆತ್ತಿದಾಗ ಹಾರಾಟ ನಡೆದದ್ದು 18 ನಿಮಿಷ.

ಇಷ್ಟರೊಳಗೆ ಹೊರಗೆ ಒಂದು ಘೋರ ದುರಂತ ಆಗಿಹೋಗಿತ್ತು. 1998ರ ಸೆಪ್ಟೆಂಬರ್ 2ರಂದು ನ್ಯೂಯಾರ್ಕ್‌ನಿಂದ ಜಿನೀವಾಕ್ಕೆ ಹೊರಟ ಸ್ವಿಸ್‌ಏರ್ 111, ಕೆನಡಾದ ನೋವಾ ಸ್ಕೋಶಿಯಾ ಕರಾವಳಿಯಲ್ಲಿ ಸಮುದ್ರಕ್ಕೆ ಬಿತ್ತು. 229 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಪೈಲಟ್‌ಗಳಿಗೆ ವಾಸನೆ ಬಡಿದದ್ದಕ್ಕೂ ವಿಮಾನ ನೀರಿಗೆ ಬಿದ್ದದ್ದಕ್ಕೂ ನಡುವೆ ಇದ್ದದ್ದು ಸುಮಾರು 21 ನಿಮಿಷ. ಆ ಎಂಡಿ-11 ವಿಮಾನಕ್ಕೆ ಆಮೇಲೆ ಜೋಡಿಸಿದ್ದ ಮನರಂಜನಾ ವ್ಯವಸ್ಥೆಯ ತಂತಿಯಲ್ಲಿ ಕಿಡಿ ಹಾರಿದ ಗುರುತು ಬೆಂಕಿ ಹುಟ್ಟಿರಬಹುದಾದ ಜಾಗದಲ್ಲೇ ಸಿಕ್ಕಿತು. ಅದೊಂದೇ ತಂತಿ ಕಾರಣ ಎಂದು ಕೆನಡಾದ ತನಿಖಾ ಮಂಡಳಿ ತನ್ನ 2003ರ ವರದಿಯಲ್ಲಿ ಹೇಳಲಿಲ್ಲ. ಸುತ್ತಲಿನ ಲೋಹಲೇಪಿತ ಹೊದಿಕೆ ಸುಲಭವಾಗಿ ಹೊತ್ತಿಕೊಂಡದ್ದನ್ನೂ ಎತ್ತಿ ತೋರಿಸಿತು.

ನನ್ನನ್ನು ಬಿಡದೆ ಕಾಡುವುದು ಆ ವರದಿಯ ಇನ್ನೊಂದು ಅಂಶ. ಹೊಗೆ ಎಲ್ಲಿಂದ ಬರುತ್ತಿದೆ ಎಂದು ತಿಳಿಯದಿದ್ದರೆ ಪೈಲಟ್ ಮೊದಲು ಕ್ಯಾಬಿನ್ ಬಸ್ (ಇಲ್ಲಿ ಬಸ್ ಎಂದರೆ ವಿದ್ಯುತ್ತು ಹಂಚುವ ಮುಖ್ಯ ಸಾಲು, ಡೇಟಾ ಬಸ್ ಅಲ್ಲ) ಸ್ವಿಚ್ ಆರಿಸಬೇಕು, ಆಗ ಪ್ರಯಾಣಿಕರ ಭಾಗದ ವಿದ್ಯುತ್ತು ಹೋಗುತ್ತದೆ ಎಂಬುದು ಮೂಲ ವಿನ್ಯಾಸಕರ ಎಣಿಕೆ. ಹೊಸ ವ್ಯವಸ್ಥೆಗೆ ಬೇಕಾದಷ್ಟು ಶಕ್ತಿ ಕ್ಯಾಬಿನ್ ಬಸ್ಸಿನಲ್ಲಿ ಇರಲಿಲ್ಲವಾಗಿ ಅದನ್ನು ಬೇರೊಂದು ಮುಖ್ಯ ಬಸ್ಸಿಗೆ ಜೋಡಿಸಿದರು. ಹಾಗಾಗಿ ಸ್ವಿಚ್ ಆರಿಸಿದರೂ ಆ ವ್ಯವಸ್ಥೆ ಆರುತ್ತಿರಲಿಲ್ಲ. ವಿದ್ಯುತ್ ಲೆಕ್ಕದಲ್ಲಿ ನೋಡಿದರೆ ಹೊಸ ನಕ್ಷೆ ಸರಿ. ಹಳೆಯ ನಕ್ಷೆಯ ಹಿಂದಿದ್ದ ಎಣಿಕೆ ಮಾತ್ರ ಹೊಸದಕ್ಕೆ ದಾಟಲಿಲ್ಲ. ಪೈಲಟ್‌ನ ಕೈಯಲ್ಲಿದ್ದ ಪಟ್ಟಿಯೂ ಬದಲಾಗಲಿಲ್ಲ.

ಅದಕ್ಕೂ ಎರಡು ವರ್ಷ ಮೊದಲು, 1996ರ ಜುಲೈನಲ್ಲಿ, ಟಿಡಬ್ಲ್ಯುಎ 800 ವಿಮಾನದ ಇಂಧನ ತೊಟ್ಟಿ ಸ್ಫೋಟಿಸಿ 230 ಜನ ಸತ್ತಿದ್ದರು. ಅಲ್ಲಿಯೂ ತನಿಖೆಯ ಬೆರಳು ತಂತಿಗಳ ಕಡೆ ತಿರುಗಿತ್ತು. ತಂತಿ ಎಂದರೆ ಒಮ್ಮೆ ಎಳೆದು ಮುಚ್ಚಿಬಿಡುವ ಸಾಮಾನು ಎಂಬ ಭಾವನೆ ಆ ವರ್ಷಗಳಲ್ಲಿ ಅಲುಗಿತು. 2007ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ, ಇಡಬ್ಲ್ಯುಐಎಸ್ (ವಿದ್ಯುತ್ ತಂತಿಜಾಲ ವ್ಯವಸ್ಥೆ) ಕುರಿತ ನಿಯಮಾವಳಿ ತಂದು, ತಂತಿಜಾಲವೂ ಎಂಜಿನ್ನು, ಬ್ರೇಕುಗಳಂತೆ ಸ್ವತಂತ್ರ ವ್ಯವಸ್ಥೆ ಎಂದು ಘೋಷಿಸಿತು. ಯಾವ ತಂತಿ ಯಾವುದರಿಂದ ದೂರ ಇರಬೇಕು, ಗುರುತು ಹೇಗಿರಬೇಕು, ಒಂದು ಕಂತೆ ಸುಟ್ಟರೆ ಏನೇನು ನಿಲ್ಲುತ್ತದೆ ಎಂಬುದನ್ನೆಲ್ಲ ವಿನ್ಯಾಸಕರು ಬರೆದು ತೋರಿಸಬೇಕಾಯಿತು.

ಎ380ರ ಕಥೆ ನಡೆದದ್ದೂ ಆ ದಿನಗಳಲ್ಲೇ. ಅಲ್ಲಿ ಪ್ರಾಣ ಹೋಗಲಿಲ್ಲ, ಹೋದದ್ದು ದುಡ್ಡು ಮತ್ತು ಮಾನ. ವಿಮಾನದ ಹೊಟ್ಟೆಯ ಹಿಂಭಾಗ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ, ರೆಕ್ಕೆ ಬ್ರಿಟನ್ನಿನಲ್ಲಿ, ಬಾಲದ ಅಡ್ಡ ರೆಕ್ಕೆ ಸ್ಪೇನಿನಲ್ಲಿ ಸಿದ್ಧವಾಗಿ, ಎಲ್ಲವೂ ಸಮುದ್ರ, ನದಿ, ರಸ್ತೆಯ ಮೂಲಕ ಫ್ರಾನ್ಸಿನ ಟುಲೂಸ್‌ಗೆ ಬರುತ್ತಿದ್ದವು. ಜರ್ಮನಿ, ಸ್ಪೇನ್‌ಗಳ ಕಚೇರಿಗಳು ಕ್ಯಾಟಿಯಾ ಎಂಬ ವಿನ್ಯಾಸ ತಂತ್ರಾಂಶದ ನಾಲ್ಕನೇ ಆವೃತ್ತಿಯಲ್ಲೇ ಉಳಿದಿದ್ದರೆ ಫ್ರಾನ್ಸ್, ಬ್ರಿಟನ್‌ಗಳು ಐದನೆಯದಕ್ಕೆ ಹೋಗಿದ್ದವು. ಹೆಸರು ಒಂದೇ ಆದರೂ ಎರಡರ ಒಳಗಿನ ರಚನೆಯೇ ಬೇರೆ. ಒಂದರಿಂದ ಇನ್ನೊಂದಕ್ಕೆ ದಾಟುವಾಗ ಮಾಹಿತಿ ಪೂರ್ತಿ ದಾಟುತ್ತಿರಲಿಲ್ಲ. ತೂಕ ಉಳಿಸಲು ಹಲವು ಕಡೆ ತಾಮ್ರದ ಬದಲು ಅಲ್ಯೂಮಿನಿಯಂ ತಂತಿ ಹಾಕಿದ್ದರು. ಅಲ್ಯೂಮಿನಿಯಂ ತಂತಿ ದಪ್ಪ, ತಾಮ್ರದಷ್ಟು ಸಣ್ಣ ತಿರುವಿನಲ್ಲಿ ಬಾಗುವುದಿಲ್ಲ. ಮೂಲೆಗಳಲ್ಲಿ ಸುತ್ತಿ ಬರಲು ಹೆಚ್ಚು ಉದ್ದ ಬೇಕು. ಗ್ರಾಹಕರು ಕೇಳಿದ ಆಸನ, ಪರದೆಗಳ ಬದಲಾವಣೆಗಳು ಇದರ ಮೇಲೆ ಬಂದು ಬೀಳುತ್ತಲೇ ಇದ್ದವು.

ಹ್ಯಾಂಬರ್ಗ್‌ನಿಂದ ಬಂದ ಕಂತೆಗಳನ್ನು ಟುಲೂಸ್‌ನಲ್ಲಿ ಎಳೆದು ನೋಡಿದಾಗ ತಂತಿ ಕನೆಕ್ಟರನ್ನು ಮುಟ್ಟಲಿಲ್ಲ. ಜರ್ಮನಿಯಿಂದ ಸಾವಿರಕ್ಕೂ ಹೆಚ್ಚು ಕೆಲಸಗಾರರು ಟುಲೂಸ್‌ಗೆ ಬಂದು ಮೊದಲ ವಿಮಾನಗಳಿಗೆ ಕೈಯಲ್ಲೇ ತಂತಿ ಹಾಕಿದರು. 2006ರ ಜೂನ್‌ನಲ್ಲಿ ಎರಡನೇ ಬಾರಿ ತಡ ಘೋಷಿಸಿದಾಗ ಮಾತೃಸಂಸ್ಥೆ ಇಎಡಿಎಸ್‌ನ ಷೇರು ಒಂದೇ ದಿನ 26 ಶೇಕಡಾ ಕುಸಿಯಿತು. ಜುಲೈನಲ್ಲಿ ಇಎಡಿಎಸ್‌ನ ನೋಯೆಲ್ ಫೋರ್ಜಾರ್, ಏರ್‌ಬಸ್‌ನ ಗುಸ್ಟಾವ್ ಹುಂಬರ್ಟ್ ಹುದ್ದೆ ಬಿಟ್ಟರು. ಅಕ್ಟೋಬರ್‌ನಲ್ಲಿ ಮೂರನೇ ಘೋಷಣೆಯೂ ಬಂತು.

ಪತ್ರಿಕೆಗಳು ಇದನ್ನು ತಂತ್ರಾಂಶದ ಜಗಳ ಎಂದು ಬರೆದವು. ಅದು ಅರ್ಧ ನಿಜ ಎಂದು ನನಗನ್ನಿಸುತ್ತದೆ. ಆವೃತ್ತಿ ಬೇರೆ ಎಂದು ಕಚೇರಿಗಳಲ್ಲಿ ಗೊತ್ತಿಲ್ಲದ ಸಂಗತಿಯೇನಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ನಿಲ್ಲಿಸಿ ಎನ್ನಬಲ್ಲ ಅಧಿಕಾರವಿದ್ದ ಮೇಜು ಆ ಗಡಿಯಲ್ಲಿ ಇರಲಿಲ್ಲ.

ಮುಂದಿನ ದಶಕದಲ್ಲಿ ಅದೇ ಗಡಿ ಬರಹದೊಳಗೆ ಕಾಣಿಸಿಕೊಂಡಿತು. ಬೋಯಿಂಗ್ 737 ಮ್ಯಾಕ್ಸ್‌ನಲ್ಲಿ ಎದುರು ಗಾಳಿಗೆ ವಿಮಾನ ಯಾವ ಕೋನದಲ್ಲಿದೆ ಎಂದು ಅಳೆಯುವ ಎರಡು ಕೋನ ಸಂವೇದಕಗಳ ಅಂಕಿ ಹೊಂದದಿದ್ದರೆ ಪರದೆಯ ಮೇಲೆ ಎಚ್ಚರಿಕೆ ಮೂಡಬೇಕು, ಎಲ್ಲ ವಿಮಾನಗಳಲ್ಲೂ. ನಿರ್ದೇಶನದಲ್ಲಿದ್ದದ್ದು ಹಾಗೆ. ಬಂದ ತಂತ್ರಾಂಶದಲ್ಲಿ ಆ ಎಚ್ಚರಿಕೆ, ಹೆಚ್ಚುವರಿಯಾಗಿ ಕೊಳ್ಳಬೇಕಿದ್ದ ಕೋನಸೂಚಕಕ್ಕೆ ತಗುಲಿಕೊಂಡಿತ್ತು. ಸೂಚಕ ಕೊಳ್ಳದವರಿಗೆ ಎಚ್ಚರಿಕೆಯೂ ಇಲ್ಲ. ಇದು 2017ರಲ್ಲೇ ತನ್ನ ಎಂಜಿನಿಯರ್‌ಗಳ ಗಮನಕ್ಕೆ ಬಂದಿತ್ತು ಎಂದು ಬೋಯಿಂಗ್ 2019ರ ಮೇ ತಿಂಗಳಲ್ಲಿ ಒಪ್ಪಿಕೊಂಡಿತು. ಅಷ್ಟರಲ್ಲಿ ಎರಡು ವಿಮಾನಗಳು ಬಿದ್ದು 346 ಜನ ತೀರಿಕೊಂಡಿದ್ದರು. ಆ ಅಪಘಾತಗಳ ಮೂಲ ಬೇರೆ ಕಡೆ ಇತ್ತು, ಒಂದೇ ಸಂವೇದಕವನ್ನು ನಂಬಿ ವಿಮಾನದ ಮೂತಿಯನ್ನು ತಾನಾಗಿ ಕೆಳಕ್ಕೆ ಒತ್ತುವ ಎಂಕ್ಯಾಸ್ ಎಂಬ ವ್ಯವಸ್ಥೆಯಲ್ಲಿ. ಆದರೂ ಇರಬೇಕಿದ್ದ ಒಂದು ಎಚ್ಚರಿಕೆ ಇರಲಿಲ್ಲ ಎಂಬುದು ಉಳಿಯುತ್ತದೆ.

ಈಗ ಆ ಗಡಿ ನಮ್ಮ ಊರಿನ ನಡುವೆಯೇ ಹಾದುಹೋಗುತ್ತದೆ. ಏರ್‌ಬಸ್ 2007ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕೇಂದ್ರ ತೆರೆಯಿತು. ಬೋಯಿಂಗ್‌ನ 43 ಎಕರೆಯ ಆವರಣ 2024ರ ಜನವರಿಯಲ್ಲಿ ದೇವನಹಳ್ಳಿಯ ಬಳಿ ಉದ್ಘಾಟನೆಯಾಯಿತು. ಎಲ್ಲೋ ಜೋಡಣೆಯಾಗುವ ವಿಮಾನದ ಒಂದು ತುಂಡು ನಕ್ಷೆ ಇಲ್ಲಿ ತಯಾರಾಗುತ್ತದೆ, ಪಕ್ಕದ ತುಂಡು ಇನ್ನೊಂದು ದೇಶದಲ್ಲಿ. ತಂತಿ ಮುಟ್ಟುತ್ತದೋ ಇಲ್ಲವೋ ಎಂಬುದನ್ನು ಇವತ್ತಿನ ಮೂರು ಆಯಾಮದ ಮಾದರಿ ಪರದೆಯ ಮೇಲೆಯೇ ತೋರಿಸುತ್ತದೆ. ಆ ತಂತಿಯಲ್ಲಿ ಹರಿಯುವ ಅಂಕಿಯ ಅರ್ಥ ಮಾತ್ರ ಈಗಲೂ ಐಸಿಡಿಯ ಒಂದು ಸಾಲಿನಲ್ಲಿರುತ್ತದೆ. ಇತ್ತ ಕಡೆಯ ಹುಡುಗಿಯೋ ಹುಡುಗನೋ ಆ ಸಾಲಿನ ಮುಂದೆ ಒಂದು ಗಳಿಗೆ ನಿಂತು, ಅತ್ತ ಕಡೆಯವರಿಗೆ ಫೋನ್ ಹಚ್ಚಿ, “ನೀವು ಕಳಿಸುವುದು ಅಡಿಯಲ್ಲೋ, ಮೀಟರಿನಲ್ಲೋ?” ಎಂದು ಕೇಳಬೇಕು.