ದೊಡ್ಡ ಎಂಜಿನ್ ಕೂರಿಸಿದರೆ ಮುಗಿಯಲಿಲ್ಲವೇ, ಸರ್?

ಪ್ರಶ್ನೆ: 24 ತಾಸಿನ ರೇಸಿಗೆ ಹೊಸ ಪ್ರೊಟೊಟೈಪ್ ಕಾರು ಕಟ್ಟಲು ದೊಡ್ಡ ಕಂಪನಿಗಳಿಗೂ ವರ್ಷಗಟ್ಟಲೆ ಏಕೆ ಬೇಕು? ಎಲ್ಲರಿಗಿಂತ ದೊಡ್ಡ ಎಂಜಿನ್ ಕೂರಿಸಿದರೆ ಮುಗಿಯಲಿಲ್ಲವೇ?
– ಓದುಗರೊಬ್ಬರು, ರಾಣೆಬೆನ್ನೂರು

ಉತ್ತರ: ವಿದ್ಯಾನಗರದಲ್ಲಿ ಪಾಠ ಹೇಳುತ್ತಿದ್ದಾಗಲೂ ಇದೇ ಪ್ರಶ್ನೆ. ನಿವೃತ್ತನಾಗಿ ಗೋಕುಲ ರಸ್ತೆಯ ಗ್ಯಾರೇಜಿನಲ್ಲಿ ಸ್ಕೂಟರ್ ರಿಪೇರಿಗೆ ಕಾಯುತ್ತ ಕುಳಿತರೂ ಇದೇ ಪ್ರಶ್ನೆ. ಈ ಸಲ ಬರೆದೇ ಬಿಡುತ್ತೇನೆ. ಇನ್ನು ಕೇಳಿದವರ ಕೈಗೆ ಈ ಹಾಳೆ ಕೊಟ್ಟು ಚಹಾ ಕುಡಿಯುತ್ತೇನೆ.

24 ತಾಸಿನ ರೇಸುಗಳಲ್ಲಿ ಹೆಸರಾದದ್ದು ಫ್ರಾನ್ಸಿನ ಲೆ ಮಾನ್. ಅಲ್ಲಿ ಪ್ರೊಟೊಟೈಪ್, ಅಂದರೆ ರೇಸಿಗೆಂದೇ ಕಟ್ಟಿದ ಕಾರುಗಳ ಮೇಲಿನ ದರ್ಜೆಗೆ ಹೈಪರ್‌ಕಾರ್ ಎಂದು ಹೆಸರು. ಅಲ್ಲಿ ಶಕ್ತಿಗೆ ಮಿತಿ ಇದೆ: 500 ಕಿಲೋವಾಟ್ ಆಸುಪಾಸು, ಅಂದರೆ ಸುಮಾರು 670 ಅಶ್ವಶಕ್ತಿ. ಎಂಜಿನ್ ಕುಂಬಳಕಾಯಿಯಷ್ಟಿರಲಿ, ಕೊಪ್ಪರಿಗೆಯಷ್ಟಿರಲಿ, ಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟಿನ ಮೇಲೆಯೇ ಅಳೆಯುವ ಸೆನ್ಸರ್ ಇರುತ್ತದೆ. ಕದ್ದು ಹೆಚ್ಚು ಶಕ್ತಿ ಹರಿಸಿದರೆ ಅಲ್ಲಿಯೇ ಸಿಕ್ಕಿಬೀಳುತ್ತೀರಿ. ತೂಕ 1,030 ಕಿಲೋಗಿಂತ ಕಡಿಮೆ ಇರುವಂತಿಲ್ಲ. ಇಷ್ಟಾದ ಮೇಲೂ ಯಾರದಾದರೂ ಕಾರು ತೀರಾ ಮುಂದಾದರೆ, ನಿಯಮ ಮಾಡುವವರು ಅದರ ಮೇಲೆ ತೂಕ ಹೇರಿ, ಶಕ್ತಿ ತಗ್ಗಿಸಿ ಎಲ್ಲರ ಸಾಲಿಗೆ ತರುತ್ತಾರೆ.

ಇಷ್ಟು ಹೇಳಿದರೂ ಹಿಂದಿನ ಬೆಂಚಿನಿಂದ ಒಂದು ಕೈ ಮೇಲೇಳುತ್ತಿತ್ತು. ಸರಿ, ಲೆಕ್ಕವನ್ನೇ ನೋಡಿ. 2025ರಲ್ಲಿ ಆಸ್ಟನ್ ಮಾರ್ಟಿನ್ ತಂದದ್ದು 6.5 ಲೀಟರಿನ ಹನ್ನೆರಡು ಸಿಲಿಂಡರ್ ಎಂಜಿನ್. ಫೆರಾರಿಯದು 3 ಲೀಟರ್, ಆರೇ ಸಿಲಿಂಡರ್, ಜೊತೆಗೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಮತ್ತು ವಿದ್ಯುತ್ ಮೋಟರ್. ಗೆದ್ದದ್ದು ಫೆರಾರಿ, 2023, 2024ರಲ್ಲಿಯೂ ಅದೇ ಗೆದ್ದಿತ್ತು. ಆಸ್ಟನ್ ಕಾರುಗಳು ಮೊದಲ ಹತ್ತರೊಳಗೆ ಬರಲಿಲ್ಲ. ಅವುಗಳ ಗರ್ಜನೆಗೆ ನಾನೂ ಮನಸೋತವನೇ, ಆದರೆ ಗರ್ಜನೆಗೆ ಅಂಕ ಕೊಡುವುದಿಲ್ಲ. ಹೊಸ ಕಾರುಗಳೆರಡೂ ಕೊನೆಯವರೆಗೆ ಓಡಿದವಲ್ಲ, ನನ್ನ ಕಣ್ಣಿಗೆ ಅದೇ ದೊಡ್ಡ ಸಾಧನೆ.

ಹಾವೇರಿ ಸೀಮೆಯವರಿಗೆ ಬೇರೆ ರೀತಿಯಲ್ಲಿ ಹೇಳುತ್ತೇನೆ. ಕೊರಳಿಗೆ ಕೊಬ್ಬರಿ ಸರ ಕಟ್ಟಿಕೊಂಡು ಹಬ್ಬದ ದಿನ ಜನರ ನಡುವೆ ನುಗ್ಗುವ ಹೋರಿಯ ಆಟ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಅದನ್ನೇ ಗದಗದ ಎರೆ ಹೊಲಕ್ಕೆ ತಂದು ದಿನವಿಡೀ ಗಳೆ ಹೊಡೆಸಿ ನೋಡಿ! ಈ ರೇಸಿಗೆ ಬೇಕಾದದ್ದು ಗಳೆಯ ಎತ್ತು. 2010ರಲ್ಲಿ ಗೆದ್ದ ಆಡಿ ಕಾರು ಒಂದೇ ದಿನದಲ್ಲಿ 397 ಸುತ್ತು, 5,410 ಕಿಲೋಮೀಟರ್ ಓಡಿತು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಆರು ಸಲ ಹೋಗಿ ಬಂದು, ಏಳನೆಯ ಸಲ ಬೆಂಗಳೂರು ಮುಟ್ಟಿ ತುಮಕೂರಿನವರೆಗೆ ಮರಳಿದಷ್ಟು.

ವರ್ಷಗಳು ಹೋಗುವುದು ಈ ಎತ್ತನ್ನು ಪಳಗಿಸಲು. ಗಾಳಿ ಸುರಂಗದಲ್ಲಿ ಮೈಯ ಆಕಾರ ನಿರ್ಧರಿಸಬೇಕು. ಒಮ್ಮೆ ಒಪ್ಪಿಗೆಯ ಮುದ್ರೆ ಬಿದ್ದರೆ ಬೇಕಾದಾಗಲೆಲ್ಲ ತಿದ್ದುವಂತಿಲ್ಲ, ತಿದ್ದುಪಡಿಗಳಿಗೂ ಲೆಕ್ಕವಿದೆ. ಕಾರನ್ನು ನೆಲಕ್ಕೆ ಒತ್ತಿ ಹಿಡಿಯುವ ಹಿಂಬದಿಯ ರೆಕ್ಕೆಯೇ ಬೇಡವೆಂದು 2022ರಲ್ಲಿ ಇಳಿದ ಪೆಜೊ, 2024ರಲ್ಲಿ ತೆಪ್ಪಗೆ ರೆಕ್ಕೆ ಕಟ್ಟಿಕೊಂಡಿತು. ಆಮೇಲೆ ಹಗಲು ರಾತ್ರಿ ಓಡಿಸಿ, ಮುರಿಯುವುದೆಲ್ಲ ಮೊದಲೇ ಮುರಿಯಲಿ ಎಂದು ಕಾಯುವ ಕೆಲಸ. ಮುರಿದದ್ದನ್ನು ಬೇಗ ಬದಲಿಸುವಂತೆಯೂ ಇರಬೇಕು. 2000ದಿಂದ 2005ರೊಳಗೆ ಐದು ಸಲ ಗೆದ್ದ ಆಡಿ ಆರ್8 ಕಾರಿನ ಹಿಂಭಾಗವನ್ನು ಗಿಯರ್‌ಬಾಕ್ಸ್ ಸಮೇತ ಕಳಚಿ, ಕೆಲವೇ ನಿಮಿಷಗಳಲ್ಲಿ ಬೇರೆಯದನ್ನು ಜೋಡಿಸುತ್ತಿದ್ದರು. ನಮ್ಮ ಲಾರಿ ಮೇಸ್ತ್ರಿಗಳು ಕಂಡಿದ್ದರೆ ಭೇಷ್ ಎನ್ನುತ್ತಿದ್ದರು.

ಇಷ್ಟೆಲ್ಲ ಮಾಡಿಯೂ 2016ರಲ್ಲಿ ಮುಂದಿದ್ದ ಟೊಯೋಟಾ, ಮೂರು ನಿಮಿಷ ಬಾಕಿ ಇರುವಾಗ ಸೊರಗಿ ನಿಂತಿತು. ಕೆಟ್ಟದ್ದು ಟರ್ಬೊದಿಂದ, ಗಾಳಿ ತಣಿಸುವ ಇಂಟರ್‌ಕೂಲರಿಗೆ ಗಾಳಿ ಒಯ್ಯುವ ಕೊಳವೆಯ ಒಂದು ಜೋಡಣೆ. ಗೆಲುವು ಪೋರ್ಶೆಗೆ ಹೋಯಿತು. ಎಂಜಿನ್ ಭಕ್ತರು ಇದನ್ನು ಎರಡು ಸಲ ಓದಿಕೊಳ್ಳಲಿ.

ರಾಣೆಬೆನ್ನೂರಿನವರು ಕೇಳಿಲ್ಲ, ಆದರೆ ನಮ್ಮ ಊರಿನಲ್ಲಿ ಕಾರಿನ ಮಾತು ಬಂದರೆ ‘ಮೈಲೇಜ್ ಎಷ್ಟು ಕೊಡುತ್ತದೆ’ ಎಂದು ಕೇಳದೆ ಯಾರೂ ಏಳುವುದಿಲ್ಲ. ಲೆ ಮಾನ್ ರೇಸಿನಲ್ಲಿ ಒಂದು ಸುತ್ತಿಗೆ 13.6 ಕಿಲೋಮೀಟರ್; ಹನ್ನೆರಡು ಹದಿಮೂರು ಸುತ್ತಿಗೊಮ್ಮೆ ಇಂಧನಕ್ಕೆ ನಿಲ್ಲಲೇಬೇಕು. ಹುಬ್ಬಳ್ಳಿಯಲ್ಲಿ ಟ್ಯಾಂಕ್ ತುಂಬಿಸಿ ಹೊರಟರೆ ದಾವಣಗೆರೆ ದಾಟಿದೊಡನೆ ಬಂಕ್ ಹುಡುಕಬೇಕು. ಬಂಕಿನಲ್ಲಿಯೂ ಅದಕ್ಕೆ ಬೇಕಾದದ್ದು ಸಿಗುವುದಿಲ್ಲ. ನಾವು ಕಬ್ಬಿನ ಕಾಕಂಬಿಯಿಂದ ಎಥೆನಾಲ್ ತೆಗೆದು ಪೆಟ್ರೋಲಿಗೆ ಬೆರೆಸುತ್ತೇವೆ. ಫ್ರೆಂಚರು ವೈನ್ ತಯಾರಿಸಿ ಉಳಿದ ಚರಟದಿಂದ ತೆಗೆದ ಇಂಧನವನ್ನು 2022ರಿಂದ ಈ ಕಾರುಗಳಿಗೆ ಕುಡಿಸುತ್ತಿದ್ದಾರೆ. ಇದನ್ನು ಹೇಳಿದಾಗ ಗ್ಯಾರೇಜಿನ ಹುಡುಗ ನನ್ನ ಸ್ಕೂಟರಿನ ಕಾರ್ಬ್ಯುರೇಟರ್ ಒರೆಸುವುದನ್ನು ಬಿಟ್ಟು, “ಹಾಗಾದರೆ ವಾಸನೆ ಬರುತ್ತದೆಯೇ ಸರ್?” ಎಂದ.