ಪರದೇಶದ ಭಾಷಾ ಕೋರ್ಸ್: ಹಣ ಕಟ್ಟುವ ಮೊದಲು ನೋಡಬೇಕಾದದ್ದು

ಭಾಷೆ ಕಲಿಯಲು ಬೇರೆ ದೇಶಕ್ಕೆ ಹೊರಟವರು ಸಾಮಾನ್ಯವಾಗಿ ಊರು ನೋಡಿ, ಶುಲ್ಕ ನೋಡಿ, ಶಾಲೆಯ ಫೋಟೋ ನೋಡಿ ಆರಿಸಿಕೊಳ್ಳುತ್ತಾರೆ. ಇವುಗಳಲ್ಲಿ ಯಾವುದರಿಂದಲೂ ಪಾಠ ಹೇಗಿರುತ್ತದೆಂದು ಗೊತ್ತಾಗುವುದಿಲ್ಲ. ಏನಾದರೂ ಎಡವಟ್ಟಾದರೆ ಯಾರನ್ನು ಕೇಳಬೇಕೆಂಬುದಂತೂ ಗೊತ್ತಾಗುವುದೇ ಇಲ್ಲ. ಹಾಗಾಗಿ ಎರಡು ಪ್ರಶ್ನೆಗಳನ್ನು ಕೊನೆಯವರೆಗೂ ಕೈಬಿಡಬೇಡಿ: ಕೈಗೆ ನಿಜವಾಗಿ ಎಷ್ಟು ಗಂಟೆ ಪಾಠ ಸಿಗುತ್ತದೆ? ಕೊಟ್ಟ ಪ್ರತಿ ಮಾತಿಗೂ ಹೊಣೆ ಯಾರು, ಅದು ಯಾವ ಕಾಗದದಲ್ಲಿದೆ?

ಗಂಟೆಯ ಲೆಕ್ಕ

‘ವಾರಕ್ಕೆ 20 ಪಾಠ’ ಎಂದರೆ 20 ಗಂಟೆ ಎಂದೇನಲ್ಲ. ಕೆಲವು ಶಾಲೆಗಳಲ್ಲಿ ಒಂದು ಪಾಠ 45 ನಿಮಿಷ, ಕೆಲವೆಡೆ 50, ಇನ್ನು ಕೆಲವೆಡೆ 60. 45 ನಿಮಿಷದ 20 ಪಾಠ ಕೂಡಿಸಿದರೆ ಬರುವುದು 15 ಗಂಟೆ. ನಾಲ್ಕು ವಾರಕ್ಕೆ 60 ಗಂಟೆ. ಪೂರ್ತಿ ಗಂಟೆಯ ಪಾಠ ಕೊಡುವ ಶಾಲೆಯಲ್ಲಿ ಅದೇ ನಾಲ್ಕು ವಾರಕ್ಕೆ 80 ಗಂಟೆ. ಮೊದಲನೆಯದರ ಶುಲ್ಕ ತುಸು ಕಡಿಮೆ ಇದ್ದರೂ ಅದೇ ದುಬಾರಿಯಾಗಿರಬಹುದು. ನೋಂದಣಿ ಶುಲ್ಕ, ಪುಸ್ತಕ, ಪರೀಕ್ಷಾ ಶುಲ್ಕ ಎಲ್ಲ ಸೇರಿಸಿ, ಆ ಮೊತ್ತವನ್ನು ನಿಜವಾದ ಗಂಟೆಗಳಿಂದ ಭಾಗಿಸಿ. ಆ ಒಂದು ಅಂಕಿಯನ್ನೇ ಶಾಲೆಯಿಂದ ಶಾಲೆಗೆ ಹೋಲಿಸಿ. ಸಾರ್ವಜನಿಕ ರಜೆ ಬಂದ ದಿನದ ಪಾಠವನ್ನು ಮತ್ತೊಂದು ದಿನ ತುಂಬಿಕೊಡುತ್ತಾರೋ ಇಲ್ಲವೋ ಎಂದೂ ಕೇಳಿ. ಬಹಳ ಶಾಲೆಗಳು ತುಂಬಿಕೊಡುವುದಿಲ್ಲ, ಷರತ್ತುಗಳ ಪುಟದಲ್ಲಿ ಹಾಗೆಂದು ಬರೆದೂ ಇರುತ್ತವೆ.

ಇದೇ ಲೆಕ್ಕದಿಂದ ಜಾಹೀರಾತಿನ ಮಾತನ್ನೂ ಒರೆಗೆ ಹಚ್ಚಬಹುದು. ಭಾಷೆ ಎಷ್ಟು ಬರುತ್ತದೆಂದು ಅಳೆಯುವ ಯುರೋಪಿನ ಸಿಇಎಫ್‌ಆರ್ ಮಾಪನದಲ್ಲಿ ಎ1ರಿಂದ (ತೀರ ಆರಂಭ) ಸಿ2ರವರೆಗೆ (ಪೂರ್ತಿ ಹಿಡಿತ) ಆರು ಹಂತ. ಇಂಗ್ಲಿಷ್‌ಗೆ ಕೇಂಬ್ರಿಡ್ಜ್ ಪರೀಕ್ಷಾ ಮಂಡಳಿ ಕೊಡುವ ಅಂದಾಜಿನಂತೆ, ಮೊದಲಿನಿಂದ ಕಲಿತವರು ಬಿ1 ಮುಟ್ಟಲು 350ರಿಂದ 400 ಗಂಟೆ ಬೋಧನೆ ಬೇಕು, ಬಿ2ಗೆ 500ರಿಂದ 600, ಸಿ1ಗೆ 700ರಿಂದ 800. ಅಂದರೆ ಬಿ1ರಿಂದ ಬಿ2ಗೆ ಏರಲು ಸುಮಾರು 150ರಿಂದ 200 ಗಂಟೆ. ವಾರಕ್ಕೆ 15 ಗಂಟೆಯಂತೆ ಹತ್ತರಿಂದ ಹದಿಮೂರು ವಾರ. ‘ನಾಲ್ಕು ವಾರದಲ್ಲಿ ಒಂದು ಹಂತ ಮೇಲೆ’ ಎನ್ನುವ ಶಾಲೆ ಬೇಕಾದ ಗಂಟೆಯಲ್ಲಿ ಮೂರನೆಯ ಒಂದು ಭಾಗವನ್ನು ಕೊಟ್ಟು ಪೂರ್ತಿ ಫಲದ ಭರವಸೆ ಕೊಡುತ್ತಿದೆ ಎಂದಾಯಿತು. ಲಿಪಿಯೂ ವ್ಯಾಕರಣವೂ ಹೊಸದಾದಾಗ ಲೆಕ್ಕ ಇನ್ನೂ ಬೆಳೆಯುತ್ತದೆ. ಅಮೆರಿಕದ ವಿದೇಶಾಂಗ ಸೇವೆಯ ತರಬೇತಿ ಸಂಸ್ಥೆ ಇಂಗ್ಲಿಷ್ ಮಾತನಾಡುವ ತನ್ನ ಅಧಿಕಾರಿಗಳಿಗೆ ಜಪಾನೀ, ಕೊರಿಯನ್, ಚೀನೀ, ಅರಬ್ಬಿ ಕಲಿಸಲು 88 ವಾರ, ಅಂದರೆ 2200 ತರಗತಿ ಗಂಟೆ ಇಟ್ಟುಕೊಳ್ಳುತ್ತದೆ.

ದೇಶಗಳ ನಿಯಮ ಗೊತ್ತಿದ್ದರೆ ಕನಿಷ್ಠ ಎಷ್ಟು ಸಿಗಲೇಬೇಕೆಂಬುದೂ ಗೊತ್ತಿರುತ್ತದೆ. ಆಸ್ಟ್ರೇಲಿಯಾದಲ್ಲಿ ವಿದ್ಯಾರ್ಥಿ ವೀಸಾದವರ ಇಂಗ್ಲಿಷ್ ಕೋರ್ಸ್‌ಗೆ ವಾರಕ್ಕೆ ಕನಿಷ್ಠ 20 ಗಂಟೆ ಮುಖಾಮುಖಿ ಪಾಠ, ಒಬ್ಬ ಶಿಕ್ಷಕರಿಗೆ ಹೆಚ್ಚೆಂದರೆ 18 ವಿದ್ಯಾರ್ಥಿಗಳು. ಜಪಾನಿನ ಭಾಷಾ ಶಾಲೆಗಳಲ್ಲಿ ವರ್ಷಕ್ಕೆ ಕನಿಷ್ಠ 760 ಪಾಠ, ಒಂದು ತರಗತಿಗೆ 20 ಮಂದಿಯ ಮಿತಿ. ಅಮೆರಿಕದ ವಿದ್ಯಾರ್ಥಿ ವೀಸಾ ಆದ ಎಫ್-1ರಲ್ಲಿ ಭಾಷೆ ಕಲಿಯುವವರಿಗೆ ತರಗತಿ ಪಾಠವೇ ಮುಖ್ಯವಾಗಿದ್ದರೆ ವಾರಕ್ಕೆ 18 ಗಡಿಯಾರದ ಗಂಟೆ. ‘ಗಡಿಯಾರದ ಗಂಟೆ’ ಎಂದು ನಿಯಮದಲ್ಲೇ ಬಿಡಿಸಿ ಹೇಳಿರುವುದರ ಬೆಲೆ ಮೇಲಿನ 45 ನಿಮಿಷದ ಲೆಕ್ಕ ನೋಡಿದರೆ ಗೊತ್ತಾಗುತ್ತದೆ.

ತರಗತಿಯ ಒಳಗೆ

‘ಗರಿಷ್ಠ 15’ ಬೇರೆ, ‘ಸರಾಸರಿ 8’ ಬೇರೆ. ಸರಾಸರಿಯನ್ನು ಚಳಿಗಾಲದ ಖಾಲಿ ತಿಂಗಳುಗಳನ್ನೂ ಸೇರಿಸಿ ತೆಗೆದಿರುತ್ತಾರೆ. ನೀವು ಹೋಗುವ ತಿಂಗಳಲ್ಲಿ, ನಿಮ್ಮ ಹಂತದಲ್ಲಿ, ಹೋದ ವರ್ಷ ಎಷ್ಟು ಜನ ಕೂತಿದ್ದರು ಎಂದು ಕೇಳಿ. ನಿಮ್ಮ ಹಂತದಲ್ಲಿ ಸಾಕಷ್ಟು ಜನ ಸೇರದಿದ್ದರೆ ಏನು ಮಾಡುತ್ತೀರಿ ಎಂಬುದು ಅದಕ್ಕಿಂತ ಮುಖ್ಯವಾದ ಪ್ರಶ್ನೆ. ಬಿ1 ಮತ್ತು ಬಿ2 ಕೂಡಿಸಿ ಒಂದೇ ಕೋಣೆಯಲ್ಲಿ ಕೂರಿಸುವವರಿದ್ದಾರೆ. ಜನ ಕಡಿಮೆ ಎಂದು ಪಾಠದ ಅವಧಿ ಕತ್ತರಿಸಿ ‘ಹೆಚ್ಚು ಗಮನ ಸಿಗುತ್ತದೆ’ ಎನ್ನುವವರೂ ಇದ್ದಾರೆ. ಎರಡೂ ನ್ಯಾಯವಾಗಿರಬಹುದು, ಆದರೆ ಮೊದಲೇ ಬರೆದುಕೊಟ್ಟಿರಬೇಕು.

ಪ್ರತಿ ಸೋಮವಾರ ಹೊಸಬರನ್ನು ಸೇರಿಸಿಕೊಳ್ಳುವ ಪದ್ಧತಿ ಬಹಳ ಕಡೆ ಇದೆ. ಇದರಿಂದ ನಮ್ಮ ಪ್ರಯಾಣದ ದಿನಾಂಕಕ್ಕೆ ಅನುಕೂಲ, ಪಾಠಕ್ಕೆ ತೊಂದರೆ: ವಾರವಾರವೂ ಗುಂಪು ಬದಲಾಗುವುದರಿಂದ ಶಿಕ್ಷಕರು ಹಿಂದಿನ ವಾರದ ಮೇಲೆ ಮುಂದಿನದನ್ನು ಕಟ್ಟಲಾರರು. ಹಾಗಾಗಿ ಬಿಡಿಬಿಡಿ ವಿಷಯಗಳನ್ನು ಕಲಿಸುತ್ತಾರೆ. ಎರಡು ವಾರಕ್ಕೆ ಹೋಗುವವರಿಗೆ ಇದರಿಂದ ನಷ್ಟವಿಲ್ಲ. ಮೂರು ತಿಂಗಳು ಕೂರುವವರು ಮಾತ್ರ ಅದದೇ ಪಾಠವನ್ನು ಮತ್ತೆ ಮತ್ತೆ ಕೇಳಬೇಕಾಗುತ್ತದೆ. ದೀರ್ಘ ಕೋರ್ಸ್‌ಗೆ ನಿಗದಿತ ದಿನಾಂಕದಲ್ಲಿ ಎಲ್ಲರೂ ಒಟ್ಟಿಗೆ ಆರಂಭಿಸುವ ಶಾಲೆಯೇ ಒಳ್ಳೆಯದು.

ಹಂತ ನಿರ್ಧರಿಸುವ ಪರೀಕ್ಷೆಯಲ್ಲಿ ಮಾತೂ ಬರಹವೂ ಇರಬೇಕು. ಆನ್‌ಲೈನಿನಲ್ಲಿ ಸರಿ ಉತ್ತರಕ್ಕೆ ಗುರುತು ಹಾಕುವಷ್ಟೇ ಇದ್ದರೆ, ವ್ಯಾಕರಣ ಬಾಯಿಪಾಠ ಮಾಡಿದವರು ಬಾಯಿ ಬಿಡಲಾಗದ ಹಂತದಲ್ಲಿ ಹೋಗಿ ಕೂರುತ್ತಾರೆ. ಶಿಕ್ಷಕರ ವಿಷಯದಲ್ಲಿ ‘ಆ ಭಾಷೆ ಅವರ ಮಾತೃಭಾಷೆ’ ಎಂಬುದು ಅರ್ಹತೆಯಲ್ಲ. ಇಂಗ್ಲಿಷ್‌ಗೆ ಆರಂಭಿಕ ಅರ್ಹತೆಯಾದ ಸೆಲ್ಟಾದಲ್ಲಿ ಕನಿಷ್ಠ 120 ಗಂಟೆ ತರಬೇತಿ, ನಿಜವಾದ ವಿದ್ಯಾರ್ಥಿಗಳ ಮುಂದೆ ಮೌಲ್ಯಮಾಪಕರ ಎದುರಿಗೆ ಆರು ಗಂಟೆ ಪಾಠ ಇರುತ್ತದೆ. ವಾರಾಂತ್ಯದ ಆನ್‌ಲೈನ್ ಪ್ರಮಾಣಪತ್ರವನ್ನು ಇದರ ಜೊತೆ ಹೋಲಿಸುವಂತಿಲ್ಲ.

ಮಾನ್ಯತೆಯ ಮುದ್ರೆ

ಶಾಲೆಯ ಪುಟದಲ್ಲಿರುವ ಲೋಗೋ ನೋಡಿ ನಂಬಬೇಡಿ. ಮಾನ್ಯತೆ ಕೊಟ್ಟ ಸಂಸ್ಥೆಯ ಪುಟಕ್ಕೆ ನೀವೇ ಹೋಗಿ, ಅಲ್ಲಿನ ಪಟ್ಟಿಯಲ್ಲಿ ಹೆಸರು ಹುಡುಕಿ. ನೋಡಬೇಕಾದದ್ದು ಮೂರು: ಕಾನೂನಿನ ಪ್ರಕಾರದ ಪೂರ್ತಿ ಹೆಸರು, ನೀವು ಹೋಗುವ ಶಾಖೆಯ ವಿಳಾಸ, ಮಾನ್ಯತೆ ಮುಗಿಯುವ ದಿನಾಂಕ. ಒಂದು ಶಾಖೆಗೆ ಸಿಕ್ಕ ಮಾನ್ಯತೆಯನ್ನು ಇನ್ನೊಂದು ಊರಿನ ಶಾಖೆಗೂ ಅಂಟಿಸುವುದು, ಮುಗಿದುಹೋದದ್ದನ್ನು ತೆಗೆಯದೆ ಬಿಡುವುದು, ಎರಡೂ ನಡೆಯುತ್ತವೆ.

ಬ್ರಿಟನ್ನಿನಲ್ಲಿ ಇಂಗ್ಲಿಷ್ ಶಾಲೆಗಳನ್ನು ಬ್ರಿಟಿಷ್ ಕೌನ್ಸಿಲ್ ತಪಾಸಣೆ ಮಾಡಿ ವರದಿಯ ಸಾರವನ್ನು ಪ್ರಕಟಿಸುತ್ತದೆ. ಅದನ್ನು ಓದಿ, ಬಲಹೀನ ಎಂದು ಗುರುತಿಸಿದ ಅಂಶ ಯಾವುದೆಂದು ನೋಡಿ. ಫ್ರಾನ್ಸಿನಲ್ಲಿ ವಿದೇಶಿಯರಿಗೆ ಫ್ರೆಂಚ್ ಕಲಿಸುವ ಶಾಲೆಗಳಿಗೆ ‘ಕ್ವಾಲಿಟೆ ಎಫ್‌ಎಲ್‌ಇ’ ಎಂಬ ಗುಣಮಟ್ಟದ ಗುರುತು ಇದೆ. ಆಸ್ಟ್ರೇಲಿಯಾದಲ್ಲಿ ಕ್ರಿಕೋಸ್ (ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಬಲ್ಲವರ ಸರ್ಕಾರಿ ಪಟ್ಟಿ) ನೋಂದಣಿ ಶಾಲೆಗೂ ಬೇಕು, ಕೋರ್ಸ್‌ಗೂ ಬೇಕು. ಅಮೆರಿಕದಲ್ಲಿ 2010ರ ಕಾಯ್ದೆಯಂತೆ ವಿದ್ಯಾರ್ಥಿ ವೀಸಾದವರನ್ನು ಸೇರಿಸಿಕೊಳ್ಳುವ ಇಂಗ್ಲಿಷ್ ತರಬೇತಿ ಕೋರ್ಸ್‌ಗೆ ಸರ್ಕಾರ ಗುರುತಿಸಿದ ಸಂಸ್ಥೆಯ ಮಾನ್ಯತೆ ಇರಲೇಬೇಕು. ಹಲವು ದೇಶಗಳ, ಹಲವು ಭಾಷೆಗಳ ಶಾಲೆಗಳನ್ನು ತಪಾಸಣೆ ಮಾಡುವ ಸಂಸ್ಥೆ ಈಕ್ವಾಲ್ಸ್, 1991ರಲ್ಲಿ ಶುರುವಾದದ್ದು. ಇನ್ನೊಂದು ಗೊಂದಲವೂ ಇದೆ: ‘ಸಿಇಎಫ್‌ಆರ್‌ಗೆ ಅನುಗುಣ’ ಎಂಬುದು ಮಾನ್ಯತೆಯಲ್ಲ. ಆ ಮಾಪನವನ್ನು 2001ರಲ್ಲಿ ಹೊರತಂದ ಕೌನ್ಸಿಲ್ ಆಫ್ ಯುರೋಪ್ ಯಾವ ಶಾಲೆಯ ಹೇಳಿಕೆಯನ್ನೂ ಪರಿಶೀಲಿಸುವುದಿಲ್ಲ. ‘ಸದಸ್ಯ ಸಂಸ್ಥೆ’ ಎಂದಿದ್ದರೆ ತಪಾಸಣೆಯಾಗಿದೆಯೋ, ಚಂದಾ ಕಟ್ಟಿದ್ದಷ್ಟೆಯೋ ಎಂದು ಬಿಡಿಸಿ ಕೇಳಿ.

ಹಣ

2014ರಿಂದ ಐರ್ಲೆಂಡಿನಲ್ಲಿ ಹಲವು ಭಾಷಾ ಶಾಲೆಗಳು ಒಂದರ ಹಿಂದೊಂದು ಏಕಾಏಕಿ ಬಾಗಿಲು ಮುಚ್ಚಿದವು. ಪೂರ್ತಿ ಶುಲ್ಕ ಮುಂಗಡ ಕಟ್ಟಿ ಬಂದಿದ್ದ ವಿದ್ಯಾರ್ಥಿಗಳು ಬೀದಿಗೆ ಬಿದ್ದರು. ಹೀಗಾದಾಗ ಹಣ ಎಲ್ಲಿಂದ ವಾಪಸ್ ಬರುತ್ತದೆ ಎಂಬುದಕ್ಕೆ ಉತ್ತರ ದೇಶದಿಂದ ದೇಶಕ್ಕೆ ಬೇರೆ. ಆಸ್ಟ್ರೇಲಿಯಾದಲ್ಲಿ ಸರ್ಕಾರವೇ ನಡೆಸುವ ಶುಲ್ಕ ರಕ್ಷಣಾ ವ್ಯವಸ್ಥೆ ಇದೆ: ಶಾಲೆ ಮುಚ್ಚಿದರೆ ಬೇರೆ ಶಾಲೆಯಲ್ಲಿ ಜಾಗ, ಇಲ್ಲವೇ ಬಳಸದ ಅವಧಿಯ ಹಣ. ಉಳಿದ ಕಡೆ ಶಾಲೆ ಯಾವ ವಿಮೆ ಅಥವಾ ಯಾವ ಒಕ್ಕೂಟದ ರಕ್ಷಣೆಯಲ್ಲಿದೆ ಎಂದು ಹೆಸರು ಸಮೇತ ಕೇಳಿ.

ಹಣ ಶಾಲೆಯ ಹೆಸರಿನ ಖಾತೆಗೆ ಮಾತ್ರ ಹೋಗಬೇಕು. ಏಜೆಂಟರ ಸ್ವಂತ ಖಾತೆಗೆ ಕಟ್ಟಿ ಎಂದರೆ ಅಲ್ಲಿಗೇ ನಿಲ್ಲಿಸಿ. ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಎಂಬ ಇಮೇಲ್ ಬಂದರೆ ಅದಕ್ಕೇ ಉತ್ತರಿಸಬೇಡಿ. ಶಾಲೆಯ ಅಧಿಕೃತ ಪುಟದಲ್ಲಿರುವ ದೂರವಾಣಿಗೆ ಕರೆ ಮಾಡಿ ಖಾತ್ರಿ ಮಾಡಿಕೊಳ್ಳಿ. ಇಮೇಲ್ ಒಳಹೊಕ್ಕ ವಂಚಕರು ನಿಜವಾದ ಬಿಲ್ಲಿನಲ್ಲೇ ಖಾತೆ ಸಂಖ್ಯೆ ತಿದ್ದಿ ಕಳಿಸುತ್ತಾರೆ. ವೀಸಾ ನಿರಾಕರಣೆಯಾದರೆ ಎಷ್ಟು ವಾಪಸ್, ಎಷ್ಟು ದಿನದಲ್ಲಿ, ಎಷ್ಟು ಕಡಿತ ಎಂಬುದು ಒಪ್ಪಂದದಲ್ಲಿ ಅಂಕಿಯಲ್ಲಿರಬೇಕು.

‘ಕೆಲಸ ಮಾಡುತ್ತಾ ಕಲಿಯಿರಿ, ದುಡಿದ ಹಣದಲ್ಲೇ ಸಾಲ ತೀರಿಸಿ’ ಎಂಬ ಮಾತಿನ ಬಗ್ಗೆ ವಿಶೇಷ ಎಚ್ಚರ ಬೇಕು. ಜಪಾನಿನಲ್ಲಿ ವಿದ್ಯಾರ್ಥಿ ವೀಸಾದವರು ಅನುಮತಿ ಪಡೆದ ಮೇಲೂ ಪಾಠ ನಡೆಯುವ ಅವಧಿಯಲ್ಲಿ ವಾರಕ್ಕೆ 28 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಏಜೆಂಟರ ಲೆಕ್ಕ ಈ ಮಿತಿ ದಾಟಿದರಷ್ಟೇ ಕೂಡಿಬರುವುದಾದರೆ ಮುಂದಿನದ್ದು ಊಹಿಸಬಹುದು: ರಾತ್ರಿ ಪಾಳಿ, ಬೆಳಿಗ್ಗೆ ನಿದ್ದೆ, ಹಾಜರಾತಿ ಕುಸಿತ, ವೀಸಾ ನವೀಕರಣಕ್ಕೆ ಕುತ್ತು. ಪಾಸ್‌ಪೋರ್ಟನ್ನು ‘ಭದ್ರವಾಗಿಡಲು’ ಕೇಳುವ ಶಾಲೆಗೆ ಕೊಡಲೇಬೇಡಿ. ನಕಲು ಪ್ರತಿ ಸಾಕು.

ವಾಸ ಮತ್ತು ಸುರಕ್ಷತೆ

ಇಲ್ಲೇ ಹೊಣೆ ಹೆಚ್ಚಾಗಿ ಜಾರಿಹೋಗುವುದು. ಪಾಠ ಶಾಲೆಯದು, ಮನೆ ಮೂರನೆಯ ಕಂಪನಿಯದು, ವಿಮಾನ ನಿಲ್ದಾಣದ ಕಾರು ಇನ್ನೊಬ್ಬರದು, ಪ್ಯಾಕೇಜ್ ಮಾರಿದವರು ಏಜೆಂಟ್. ಹೋಮ್‌ಸ್ಟೇಯಲ್ಲಿ, ಅಂದರೆ ಅಲ್ಲಿನ ಕುಟುಂಬವೊಂದರ ಮನೆಯಲ್ಲಿ ಉಳಿದಾಗ, ತೊಂದರೆಯಾದರೆ ಪ್ರತಿಯೊಬ್ಬರೂ ಮತ್ತೊಬ್ಬರ ಕಡೆ ಕೈತೋರಿಸುತ್ತಾರೆ. ಆದ್ದರಿಂದ ವಾಸದ ಒಪ್ಪಂದಕ್ಕೆ ಸಹಿ ಯಾರದ್ದು ಎಂಬುದನ್ನು ಹಣ ಕಟ್ಟುವ ಮೊದಲೇ ನೋಡಿ.

ಹೋಮ್‌ಸ್ಟೇ ಬಗ್ಗೆ ಕೇಳಬೇಕಾದದ್ದು: ಶಾಲೆಯವರು ಆ ಮನೆಯನ್ನು ಕೊನೆಯ ಬಾರಿ ಕಣ್ಣಾರೆ ನೋಡಿದ್ದು ಯಾವಾಗ? ಮನೆಯಲ್ಲಿ ವಯಸ್ಕರು ಎಷ್ಟು, ಅವರ ಪೊಲೀಸ್ ದಾಖಲೆ ಪರಿಶೀಲನೆಯಾಗಿದೆಯೇ? ಇನ್ನೆಷ್ಟು ವಿದ್ಯಾರ್ಥಿಗಳಿರುತ್ತಾರೆ? (ಬ್ರಿಟನ್ನಿನ ಮಾನ್ಯತಾ ನಿಯಮದಲ್ಲಿ ಒಂದು ಮನೆಗೆ ನಾಲ್ವರ ಮಿತಿ.) ಕೋಣೆಗೆ ಒಳಗಿನಿಂದ ಚಿಲಕ, ಹೊಗೆ ಅಲಾರಂ, ಗ್ಯಾಸ್ ಹೀಟರ್ ಇದ್ದಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇವೆಯೇ? ಈ ಅನಿಲಕ್ಕೆ ವಾಸನೆಯಿಲ್ಲ, ಮಲಗಿದವರಿಗೆ ಗೊತ್ತಾಗುವುದೇ ಇಲ್ಲ. ಮನೆಯಿಂದ ಶಾಲೆಗೆ ಎಷ್ಟು ಹೊತ್ತು ಎಂದು ಕೇಳುವಾಗ ರಾತ್ರಿಯ ಕೊನೆಯ ಬಸ್ ಎಷ್ಟು ಗಂಟೆಗೆ ಎಂದೂ ಕೇಳಿ.

ಹದಿನೆಂಟು ತುಂಬದವರಿಗೆ ಬಿಗಿ ಇನ್ನೂ ಹೆಚ್ಚಿರಬೇಕು. ಅವರಿಗೂ ವಯಸ್ಕರಿಗೂ ಒಂದೇ ಕೋಣೆ ಕೊಡುವಂತಿಲ್ಲ. ರಾತ್ರಿ ಮನೆ ಸೇರುವ ಹೊತ್ತು ಬರಹದಲ್ಲಿರಬೇಕು, ಪಾಠಕ್ಕೆ ಬಾರದಿದ್ದರೆ ಎಷ್ಟು ಹೊತ್ತಿನೊಳಗೆ ಹುಡುಕುತ್ತಾರೆ ಎಂಬುದೂ ಇರಬೇಕು. ಇಂಗ್ಲೆಂಡಿನಲ್ಲಿ 16 ತುಂಬದವರು ಹತ್ತಿರದ ಬಂಧುಗಳಲ್ಲದವರ ಮನೆಯಲ್ಲಿ 28 ದಿನ ಅಥವಾ ಅದಕ್ಕೂ ಹೆಚ್ಚು ಉಳಿಯುವುದಾದರೆ ಸ್ಥಳೀಯ ಆಡಳಿತಕ್ಕೆ ತಿಳಿಸಬೇಕೆಂಬ ಕಾನೂನಿದೆ. ಇದನ್ನು ಕೇಳಿದಾಗ ಶಾಲೆಯವರು ತಬ್ಬಿಬ್ಬಾದರೆ ಆ ಶಾಲೆ ಮಕ್ಕಳಿಗಲ್ಲ.

ದಿನದ 24 ಗಂಟೆಯೂ ತೆರೆದಿರುವ ತುರ್ತು ಸಂಖ್ಯೆ ಎಂದು ಕೊಟ್ಟಿರುತ್ತಾರಲ್ಲ, ಸೇರುವ ಮೊದಲೇ ಅಲ್ಲಿನ ಮಧ್ಯರಾತ್ರಿಗೆ ಒಮ್ಮೆ ಕರೆ ಮಾಡಿ. ಮನುಷ್ಯರು ಎತ್ತುತ್ತಾರೋ, ಧ್ವನಿಮುದ್ರಿಕೆ ಓಡುತ್ತದೋ, ಎತ್ತಿದವರು ಯಾವ ಭಾಷೆಯಲ್ಲಿ ಮಾತಾಡುತ್ತಾರೆ, ಇಷ್ಟರಲ್ಲೇ ಬಹಳಷ್ಟು ಗೊತ್ತಾಗುತ್ತದೆ. ಸರ್ಕಾರಿ ತುರ್ತು ಸಂಖ್ಯೆ ಬೇರೆಯೇ: ಯುರೋಪಿಯನ್ ಒಕ್ಕೂಟದಲ್ಲಿ 112, ಆಸ್ಟ್ರೇಲಿಯಾದಲ್ಲಿ 000, ಜಪಾನಿನಲ್ಲಿ ಪೊಲೀಸರಿಗೆ 110, ಆಂಬುಲೆನ್ಸ್‌ಗೆ 119.

ವಿಮೆಯಲ್ಲಿ ಏನಿದೆ ಎಂಬುದಕ್ಕಿಂತ ಏನಿಲ್ಲ ಎಂಬ ಪುಟವನ್ನು ಓದಿ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಷೆಂಗನ್ ವೀಸಾಕ್ಕೆ ಬೇಕಾದ ಕನಿಷ್ಠ ರಕ್ಷಣೆ 30,000 ಯೂರೋ. ಆ ಮೊತ್ತ ವೀಸಾಕ್ಕೆ ಸಾಕು, ಆದರೆ ಮೊದಲೇ ಇರುವ ಕಾಯಿಲೆ, ಮಾನಸಿಕ ಆರೋಗ್ಯ, ಚಾರಣದಂಥ ಚಟುವಟಿಕೆಯನ್ನು ಪಾಲಿಸಿ ಹೊರಗಿಟ್ಟಿದ್ದರೆ ಅಂಥ ಬಿಲ್ಲು ನಿಮ್ಮ ತಲೆಗೇ ಬರುತ್ತದೆ.

ಶಾಲೆಗೆ ಬರೆಯುವ ಪತ್ರ

ಉದ್ದ ಬೇಡ. ಹೀಗಿದ್ದರೆ ಸಾಕು: “12 ವಾರದ ಕೋರ್ಸ್‌ಗೆ ಸೇರಬೇಕೆಂದಿದ್ದೇನೆ. ಒಂದು ಪಾಠ ಎಷ್ಟು ನಿಮಿಷ? ನನ್ನ ಹಂತದ ಹೋದ ತಿಂಗಳ ವೇಳಾಪಟ್ಟಿ ಕಳಿಸುವಿರಾ? ನನ್ನ ಹಂತದಲ್ಲಿ ಜನ ಸೇರದಿದ್ದರೆ ಏನು ವ್ಯವಸ್ಥೆ? ವಾಸದ ಒಪ್ಪಂದ ಯಾರ ಹೆಸರಿನಲ್ಲಿದೆ? ಮರುಪಾವತಿ ನಿಯಮ ಮತ್ತು ದೂರು ಕೊಡುವ ಕ್ರಮದ ಪ್ರತಿ ಕಳಿಸಿ.” ಉತ್ತರ ತಡವಾದರೆ ಅದೊಂದೇ ದೋಷವಲ್ಲ, ಬೇಸಿಗೆಯಲ್ಲಿ ಎಲ್ಲರೂ ಒತ್ತಡದಲ್ಲಿರುತ್ತಾರೆ. ಐದು ಪ್ರಶ್ನೆಗೆ ಎರಡಕ್ಕೆ ಉತ್ತರಿಸಿ, ಜೊತೆಗೆ ‘ರಿಯಾಯಿತಿ ಶುಕ್ರವಾರದವರೆಗೆ ಮಾತ್ರ’ ಎಂದು ಬರೆದಿದ್ದರೆ ಅದು ದೋಷ.

ಅಲ್ಲಿ ಹೋದ ಮೇಲೆ ಮೊದಲ ವಾರ ಪ್ರತಿ ದಿನ ಪಾಠ ಶುರುವಾದ ಮತ್ತು ಮುಗಿದ ಸಮಯ, ತರಗತಿಯಲ್ಲಿದ್ದವರ ಸಂಖ್ಯೆ, ಶಿಕ್ಷಕರ ಹೆಸರು ಬರೆದಿಡಿ. ಹಂತ ಸರಿಹೊಂದದಿದ್ದರೆ ಆ ವಾರದೊಳಗೇ ಬದಲಾಯಿಸಲು ಲಿಖಿತವಾಗಿ ಕೇಳಿ, ಆಮೇಲೆ ಜಾಗ ಸಿಗುವುದು ಕಷ್ಟ. ದೂರಿದ್ದರೆ ಮೊದಲು ಶಾಲೆಗೆ ಇಮೇಲ್‌ನಲ್ಲಿ ಕೊಡಿ, ಬಗೆಹರಿಯದಿದ್ದರೆ ಮಾನ್ಯತೆ ಕೊಟ್ಟ ಸಂಸ್ಥೆಗೆ. ಆ ಸಂಸ್ಥೆ ಮೊದಲು ಕೇಳುವುದೇ ಶಾಲೆಗೆ ಬರೆದ ದೂರಿನ ಪ್ರತಿಯನ್ನು.