ನಿಂತ ಗಾಡಿಯ ಚಕ್ರ ಯಾಕೆ ಕಿರುಗುಡುತ್ತದೆ?

ಅಮೆರಿಕದಲ್ಲಿ ಜನ ಕಾರಿಗೋ ಪಿಕಪ್ಪಿಗೋ ಸಿಕ್ಕಿಸಿ ಎಳೆದುಕೊಂಡು ಹೋಗುವ ಮನೆಗಾಡಿಯೇ ಟ್ರಾವೆಲ್ ಟ್ರೇಲರ್. ಹಾಸಿಗೆ, ಒಲೆ, ಬಚ್ಚಲು ಎಲ್ಲ ಅದರೊಳಗೇ. ಕ್ಯಾಂಪಿನಲ್ಲಿ ನಿಲ್ಲಿಸಿದ ಮೇಲೆ ಹಲವರಿಗೆ ಒಂದು ಕಾಟ ಶುರುವಾಗುತ್ತದೆ. ರಾತ್ರಿ ಯಾರಾದರೂ ನೀರು ಕುಡಿಯಲು ಎದ್ದರೆ ಸಾಕು, ಚಕ್ರದ ಹತ್ತಿರ ಕಿರ್‌ ಕಿರ್‌.

ಎಲ್ಲರಿಗೂ ಮೊದಲು ಅನುಮಾನ ಬರುವುದು ಬೇರಿಂಗ್ ಮೇಲೆ. ಆದರೆ ಚಕ್ರ ತಿರುಗುತ್ತಲೇ ಇಲ್ಲ, ಅಲ್ವಾ? ಸದ್ಯಕ್ಕೆ ಅದನ್ನು ಬಿಡಿ. ಅಲ್ಲಾಡುತ್ತಿರುವುದು ಚಕ್ರದ ಮೇಲೆ ಕೂತಿರುವ ಮನೆ.

ಲಾರಿಗಳಿಗೆ ಇರುವಂಥ ಪ್ಲೇಟಿನ ಸ್ಪ್ರಿಂಗೇ ಹೆಚ್ಚಿನ ಟ್ರೇಲರ್‌ಗಳಿಗೂ ಇರುತ್ತದೆ. ಒಳಗೆ ಒಬ್ಬರು ಹೆಜ್ಜೆ ಇಟ್ಟರೆ ಬಾಗಿದ ಪ್ಲೇಟು ಒಂಚೂರು ಚಪ್ಪಟೆಯಾಗುತ್ತದೆ. ಚಪ್ಪಟೆಯಾದರೆ ಉದ್ದವಾಗಲೇಬೇಕು. ಆ ಉದ್ದಕ್ಕೆ ಜಾಗ ಕೊಡಲು ತುದಿಯಲ್ಲಿ ಶ್ಯಾಕಲ್ ಎಂಬ ಸಣ್ಣ ಪಟ್ಟಿಗಳು ಬೋಲ್ಟಿನ ಸುತ್ತ ತುಸು ತಿರುಗುತ್ತವೆ. ಎರಡು ಆಕ್ಸಲ್ಲಿನ ಗಾಡಿಯಾದರೆ ಒಂದೊಂದು ಬದಿಗೆ ಇಂಥ ಕೀಲು ಎಂಟರಷ್ಟಿರುತ್ತವೆ. ಒಂದು ಒಣಗಿದರೂ ಸದ್ದು ಗ್ಯಾರಂಟಿ.

ಸದ್ದು ಹುಟ್ಟುವ ಬಗೆ ಪಿಟೀಲಿನದೇ. ಕಮಾನು ತಂತಿಯನ್ನು ಹಿಡಿದು ಎಳೆಯುತ್ತದೆ, ತಂತಿ ಜಾರಿ ಹಿಂದಕ್ಕೆ ಬರುತ್ತದೆ, ಕಮಾನು ಮತ್ತೆ ಹಿಡಿಯುತ್ತದೆ. ಸೆಕೆಂಡಿಗೆ ನೂರಾರು ಸಲ ಹೀಗೆ. ನಿಂತ ವಸ್ತುವನ್ನು ಕದಲಿಸಲು ಬೇಕಾದ ಬಲ, ಕದಲಿದ್ದನ್ನು ಜಾರಿಸಲು ಬೇಕಾದ್ದಕ್ಕಿಂತ ಜಾಸ್ತಿ. ಈ ವ್ಯತ್ಯಾಸವೇ ಕಿರುಗುಟ್ಟಲು ಮೂಲ. ಫ್ರಾನ್ಸಿನ ವಿಜ್ಞಾನಿ ಕೂಲಂಬ್ 1785ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇನ್ನೊಂದು ಸಂಗತಿಯೂ ಇದೆ: ಎರಡು ಮೈಗಳು ಒಂದಕ್ಕೊಂದು ಒತ್ತಿಕೊಂಡು ಹೆಚ್ಚು ಹೊತ್ತು ಸುಮ್ನೆ ಇದ್ದಷ್ಟೂ ಹಿಡಿತ ಬಿಗಿಯಾಗುತ್ತದೆ. ನಿಲ್ಲಿಸಿಟ್ಟ ಗಾಡಿಗೆ ಇದಕ್ಕಿಂತ ಹೊಂದುವ ಮಾತು ಇಲ್ಲ.

ಈಗ ಹುಡುಕುವ ಕೆಲಸ. ಇಲ್ಲಿ ಕಿವಿಯನ್ನು ಪೂರ್ತಿ ನಂಬುವ ಹಾಗಿಲ್ಲ. ಉಕ್ಕಿನಲ್ಲಿ ಶಬ್ದ ಗಾಳಿಗಿಂತ ಸುಮಾರು 15 ಪಟ್ಟು ವೇಗವಾಗಿ ಓಡುತ್ತದೆ, ದಾರಿಯಲ್ಲಿ ಸವೆಯುವುದೂ ಕಡಿಮೆ. ಹಿಂದಿನ ಕೀಲಿನ ಸದ್ದು ಚಾಸಿಯಲ್ಲಿ, ಅಂದರೆ ಗಾಡಿಯ ತಳದ ಉಕ್ಕಿನ ಚೌಕಟ್ಟಿನಲ್ಲಿ, ಹರಿದು ಮುಂದೆಲ್ಲೋ ಕೇಳಬಹುದು. ಅದಕ್ಕೇ ಒಬ್ಬರು ಒಳಗೆ ಅತ್ತಿಂದಿತ್ತ ನಡೆಯಲಿ, ಇನ್ನೊಬ್ಬರು ಹೊರಗೆ ಕೂತು ಕೀಲುಗಳಿಗೆ ಬೆರಳು ತಾಗಿಸಿ ನೋಡಲಿ. ಕಿರುಗುಟ್ಟುವ ಕೀಲಿನ ನಡುಕ ಬೆರಳಿಗೆ ಗೊತ್ತಾಗುತ್ತದೆ. ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಕೀಲಿಗೂ ಹಿಡಿಯನ್ನು ಕಿವಿಯ ಹತ್ತಿರಕ್ಕೂ ಇಟ್ಟರೆ ಇನ್ನೂ ಚೆನ್ನ.

ಆದರೆ ಅದಕ್ಕೂ ಮೊದಲು ನೋಡಬೇಕಾದ್ದು ಚಕ್ರಕ್ಕೆ ಕೊಟ್ಟ ಅಡೆ. ಇಂಥ ಹೆಚ್ಚಿನ ಟ್ರೇಲರ್‌ಗಳಿಗೆ ಹ್ಯಾಂಡ್‌ಬ್ರೇಕ್ ಇರುವುದಿಲ್ಲ. ಹಾಗಾಗಿ ನೆಲಕ್ಕೆ ಅಡೆ ಕೊಟ್ಟು, ಒಂದೇ ಬದಿಯ ಎರಡು ಟೈರುಗಳ ನಡುವೆಯೂ ಒಂದು ಲೋಹದ ಅಡೆಯನ್ನು ತಿರುಪಿ ಬಿಗಿಯುತ್ತಾರೆ. ರಬ್ಬರು ಲೋಹಕ್ಕೆ ಉಜ್ಜಿದರೆ ಥೇಟ್ ಅದೇ ಸದ್ದು. ಗಾಡಿ ಎಳೆಯುವ ವಾಹನಕ್ಕೆ ಸಿಕ್ಕಿಸಿಕೊಂಡೇ ಇರಲಿ, ನೆಲದ ಅಡೆಗಳೂ ಇರಲಿ. ನಡುವಿನ ಅಡೆಯೊಂದನ್ನು ಮಾತ್ರ ಸಡಿಲಿಸಿ ಕೇಳಿ. ಸದ್ದು ನಿಂತರೆ ಅಲ್ಲಿಗೆ ಮುಗಿಯಿತು. ಎಷ್ಟೋ ರಾತ್ರಿಗಳ ನಿದ್ದೆಗೇಡು ಇಷ್ಟರಲ್ಲೇ ಬಗೆಹರಿಯುತ್ತದೆ.

ನಿಲ್ಲದಿದ್ದರೆ ಸೋಪಿನ ನೀರು ತನ್ನಿ. ಒಂದು ಸಲಕ್ಕೆ ಒಂದೇ ಕೀಲಿಗೆ ಚಿಮುಕಿಸಿ, ಒಳಗಿನವರನ್ನು ಮತ್ತೆ ನಡೆಸಿ ನೋಡಿ. ಸದ್ದು ಅಡಗಿದರೆ ಅಥವಾ ಬದಲಾದರೆ ಕಳ್ಳ ಸಿಕ್ಕಿದ ಹಾಗೆ. ಎಲ್ಲದಕ್ಕೂ ಒಟ್ಟಿಗೆ ಎಣ್ಣೆ ಸುರಿದರೆ ಯಾವುದು ಸವೆದಿದೆ ಅನ್ನುವುದು ಗೊತ್ತೇ ಆಗುವುದಿಲ್ಲ. ಬ್ರೇಕಿಗೋ ಟೈರಿಗೋ ಎಣ್ಣೆ ತಾಗಿದರಂತೂ ಅಪಾಯ.

ಕೀಲಿನ ಸದ್ದನ್ನು ಮಾತ್ರ ಉದಾಸೀನ ಮಾಡಬಾರದು. ಒಳಗೆ ಬೋಲ್ಟಿನ ಸುತ್ತ ಕೂತಿರುವ ನೈಲಾನ್ ಕೊಳವೆ, ಅಂದರೆ ಬುಶ್, ತೇಯ್ದು ಹೋದರೆ ಬೋಲ್ಟು ಲೋಹವನ್ನೇ ತಿನ್ನತೊಡಗುತ್ತದೆ, ತೂತು ಉದ್ದುದ್ದ ಆಗುತ್ತದೆ. ಅದಕ್ಕೇ ಅನೇಕರು ಕಂಚಿನ ಬುಶ್ಶೂ ಗ್ರೀಸ್ ಹೊಡೆಯಲು ನಿಪ್ಪಲ್ ಇರುವ ಬೋಲ್ಟೂ ಹಾಕಿಸಿಕೊಳ್ಳುತ್ತಾರೆ. ಗ್ರೀಸ್ ಹೊಡೆಯುವಾಗ ಚಾಸಿಯನ್ನು ಎತ್ತಿ, ಗಟ್ಟಿ ಸ್ಟ್ಯಾಂಡಿನ ಮೇಲೆ ಕೂರಿಸಿ, ಕೀಲಿನ ಮೇಲಿನ ಭಾರ ಇಳಿಸಬೇಕು. ಬರೀ ಜ್ಯಾಕ್ ನಂಬಿ ಕೆಳಗೆ ತೂರಬೇಡಿ. ಭಾರ ಹಾಗೇ ಇದ್ದರೆ ಬೋಲ್ಟು ಬುಶ್ಶನ್ನು ಒತ್ತುವ ಬದಿಗೆ ಗ್ರೀಸ್ ಸರಿಯಾಗಿ ಇಳಿಯುವುದಿಲ್ಲ, ಸದ್ದು ಬರುವುದೋ ಆ ಬದಿಯಿಂದಲೇ.